ಕೊನೆಯವಳು ಬೇಕಾಗಿದ್ದಾಳೆ

ನಮ್ಮ ಮನೆಯವರು ಕಾಶಿಯ ಹನುಮಾನ್ ಘಾಟಿನಲ್ಲಿ ಕರ್ನಾಟಕದಿಂದ ಬಂದವರಿಗೆ ಶ್ರಾದ್ಧ ಮಾಡಿಸುತ್ತಾರೆ. ನಾನು ಅಸ್ಸಿ ಕಡೆಯ ಶಾಲೆಯೊಂದರಲ್ಲಿ ಹತ್ತನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಶ್ರಾದ್ಧದ ಮನೆಯಲ್ಲೂ ಜನ ಒಮ್ಮೊಮ್ಮೆ ನಗುತ್ತಾರಲ್ಲ, ಅಂಥ ನಗು ನಮ್ಮ ಶಾಲೆಯಲ್ಲಿ ವರ್ಷಾ ವರ್ಷಾ ಪರೀಕ್ಷೆ ಹೊತ್ತಿಗೆ ಬರುತ್ತದೆ. ಈ ಸಲದ್ದು ಕೇಳಿ.

೧. ಎಲ್ಲರೂ ಜಾಣರು

ಪ್ರಾಜೆಕ್ಟಿಗೆ ಇಪ್ಪತ್ತು ಅಂಕ, ಕೊಡುವವರು ನಾವೇ. ನಾನು ಪೂರ್ತಿ ಇಪ್ಪತ್ತು ಕೊಟ್ಟಿದ್ದು ಒಬ್ಬಳಿಗೇ, ದೋಣಿ ನಡೆಸುವವನ ಮಗಳಿಗೆ. ಘಾಟ್ ಘಾಟಿನ ನೀರು ಬಾಟಲಿಯಲ್ಲಿ ತಂದು ಪರೀಕ್ಷೆ ಮಾಡಿ ಬರೆದಿದ್ದಳು. ಹೆಡ್‌ಮಾಸ್ಟರು ನನ್ನ ಅಂಕ ಹೊಡೆದುಹಾಕಿ ಎಲ್ಲರಿಗೂ ಹತ್ತೊಂಬತ್ತು ಹಾಕಿದರು.

"ಅಪ್ಪ ಅಮ್ಮಂದಿರು ಜಗಳಕ್ಕೆ ಬರಬಾರದಲ್ಲ, ಮೇಡಂ!"

"ಅವಳಿಗೆ ಒಂದು ಕಡಿಮೆಯಾಯ್ತಲ್ಲ ಸಾರ್?"

"ಅವಳಪ್ಪ ಜಗಳಕ್ಕೆ ಬರೋನಲ್ಲ ಬಿಡಿ."

೨. ಬಲಿ

ಅಷ್ಟರಲ್ಲಿ ಮೇಲಿನಿಂದ ಫೋನ್. ಶಾಲೆಗಳು ಕೊಟ್ಟ ಅಂಕ ನ್ಯಾಯವಾಗಿದೆಯೋ ಇಲ್ಲವೋ ನೋಡಲು ಹೊರಗಿನ ಅಧಿಕಾರಿ ಬರುತ್ತಾರೆ, ಅತಿ ಹೆಚ್ಚಿನದೊಂದು, ಅತಿ ಕಡಿಮೆಯದೊಂದು ಪ್ರಾಜೆಕ್ಟ್ ತೆಗೆದಿಡಿ ಅಂತ. ನಮ್ಮಲ್ಲಿ ಕಡಿಮೆ ಎಲ್ಲಿಂದ ತರೋದು? ಹೆಡ್‌ಮಾಸ್ಟರಿಗೆ ಬೆವರು.

"ವಕೀಲರ ಮಗನ್ನ ಇಳಿಸೋಣ," ಅಂದೆ.

"ಅಯ್ಯೋ, ಕೇಸ್ ಹಾಕ್ತಾರೆ!"

ಕೊನೆಗೆ ತಮ್ಮ ತಂಗಿಯ ಮಗನಿಗೆ ಇಪ್ಪತ್ತು ಹಾಕಿದರು, ದೋಣಿಯವನ ಮಗಳಿಗೆ ಎಂಟು. ನನಗೆ ಮೈಯೆಲ್ಲ ಉರಿಯಿತು. ಹನ್ನೊಂದನೇ ತರಗತಿಯ ವಿಜ್ಞಾನದ ಸೀಟು ಕೊಡುವುದು ಈ ಅಂಕದ ಸಾಲಿನಲ್ಲೇ. ಕೊನೆಯಲ್ಲಿ ನಿಂತವಳಿಗೆ ಸೀಟಿಲ್ಲ.

"ತಪಾಸಣೆ ಮುಗಿದ ಮೇಲೆ ಸರಿ ಮಾಡೋಣ," ಅಂದರು.

ಮನೆಗೆ ಬಂದು ಕೂಗಾಡಿದೆ. ನಮ್ಮೆಜಮಾನರು ತಲೆ ಎತ್ತದೆ ದರ್ಭೆ ಕಟ್ಟುತ್ತ, "ಆನೇನ, ಹುಲೀನ ಯಾರಾದ್ರೂ ಬಲಿ ಕೊಡ್ತಾರೇನೇ? ಆಡಿನ ಮರೀನೇ ಕೊಡೋದು," ಅಂದರು.

೩. ಶಾಲೆಯ ಮಟ್ಟ

ಅಧಿಕಾರಿ ಬಂದರು. ಕಚೋರಿ ಮುಗಿಸಿ, ಜಿಲೇಬಿ ಕೈಲಿ ಹಿಡಿದು, ಅತಿ ಕಡಿಮೆಯ ಪ್ರಾಜೆಕ್ಟ್ ತೆರೆದರು. ಓದುತ್ತಾ ಓದುತ್ತಾ ಜಿಲೇಬಿ ಕೆಳಗಿಟ್ಟರು.

"ಇದು ಕೊನೆಯವಳದ್ದಾ?"

ಹೆಡ್‌ಮಾಸ್ಟರು ಬಿಳಿಚಿಕೊಂಡರು. ನಾನು ಎದ್ದು ನಿಂತೆ. "ಸಾರ್, ಅವಳು ಕೊನೆಯವಳಲ್ಲ, ಮೊದಲನೆಯವಳು!"

"ಕೂತ್ಕೊಳ್ಳಿ ಬೆಹನ್‌ಜೀ. ದಡ್ಡ ಮಗುವಿನ ಮೇಲೂ ಎಷ್ಟು ಮಮತೆ ನಿಮಗೆ!" ಅಂದವರೇ ಹೆಡ್‌ಮಾಸ್ಟರ ಕೈ ಕುಲುಕಿದರು. "ಕೊನೆಯವಳೇ ಹೀಗೆ ಬರೆದಿದ್ದಾಳೆ ಅಂದ್ರೆ ನಿಮ್ಮ ಶಾಲೆ ಮಟ್ಟ ಏನಿರಬೇಕು! ನೀವು ತೀರಾ ಬಿಗಿಯಾಗಿ ಅಂಕ ಕೊಟ್ಟಿದ್ದೀರಿ."

ತಂಗಿಯ ಮಗನ ಪ್ರಾಜೆಕ್ಟ್ ತೆರೆದೂ ನೋಡಲಿಲ್ಲ. ಕೊನೆಯವಳಿಗೆ ಹದಿನೆಂಟು ಹಾಕಿದರು, ಮಿಕ್ಕವರಿಗೆಲ್ಲ ಇಪ್ಪತ್ತು. ಮೇಲೆ ಸಹಿ, ಸೀಲು. ಇನ್ನು ಬ್ರಹ್ಮ ಬಂದರೂ ತಿದ್ದುವ ಹಾಗಿಲ್ಲ. ಉಳಿದ ಜಿಲೇಬಿಯನ್ನು ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ಹಂಚಿದರು.

೪. ಯಾರದ್ದು?

ಸಂಜೆ ಘಾಟಿಗೆ ಹೋಗಿ ಹುಡುಗಿಗೆ ನಡೆದಿದ್ದೆಲ್ಲ ಹೇಳಿದೆ, ಸೀಟು ಹೋಯಿತು ಅನ್ನುವುದನ್ನೂ. ಅವಳಪ್ಪ ದೋಣಿಯ ಹಗ್ಗ ಬಿಟ್ಟು ಕೈ ಮುಗಿದ. "ಎಂಟಿದ್ದಿದ್ದು ಹದಿನೆಂಟಾಯ್ತಲ್ಲ ಅಮ್ಮ, ದೇವರಂಥ ಸಾಹೇಬರು."

ಹುಡುಗಿ ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ಎಲ್ಲರಿಗೂ ಇಪ್ಪತ್ತು ಬಂದಿದ್ದು ನನ್ನ ಪ್ರಾಜೆಕ್ಟ್ ನೋಡಿನಾ, ಮಿಸ್?"

"ಹೌದಮ್ಮ."

"ಮತ್ತೆ ನನಗೆ ಹದಿನೆಂಟು ಯಾರದ್ದು ನೋಡಿ ಕೊಟ್ರು?"