ಬಾಯಿ ಮುಚ್ಚಿಕೊಂಡು ಉಣ್ರಿ

ಹೊರಗೆ ನಾಲ್ಕು ಮಂದಿಯ ಜೊತೆ ಊಟಕ್ಕೆ ಕೂತು, ಏನೂ ಆಗದೆ ಕೈ ತೊಳೆದು ಎದ್ದ ದಿನ ನನಗಂತೂ ನೆನಪಿಲ್ಲ. ಹನಿ ನೀರಾವರಿ ಪೈಪು ಮಾರುವ ಕಂಪನಿಯಲ್ಲಿ ನಾನು ಮೇಲ್ವಿಚಾರಕಿ. ಕೈಕೆಳಗೆ ನಾಲ್ವರು ಗಂಡಸರು. ರೈತರ ಸಭೆ ಅಂದಮೇಲೆ ಊಟ ಇದ್ದದ್ದೇ. ಈ ನಾಲ್ವರೋ, ಅನ್ನ ಬರುವ ಮೊದಲೇ ಉಪ್ಪಿನಕಾಯಿ ಮುಗಿಸುವವರು, ತುಂಬಿದ ಬಾಯಲ್ಲೇ ಪೈಪಿನ ಗ್ಯಾರಂಟಿ ಕೊಡುವವರು. ಇವರಿಗೆ ಊಟದ ರೀತಿ ಕಲಿಸಿಯೇ ಬಿಡೋದು ಅಂತ ಹಟ ಹಿಡಿದೆ.

ಹೊರ್ತಿಯ ಶಾವಿಗೆ ಪಾಯಸ

ಮೊದಲ ಪಾಠ: ಮನೆಯವರು ಕೂತು ತುತ್ತೆತ್ತುವ ತನಕ ನಾವು ಮುಟ್ಟಬಾರದು.

ಇಂಡಿ ತಾಲ್ಲೂಕಿನ ಹೊರ್ತಿಯಲ್ಲಿ ಒಬ್ಬ ರೈತ, "ಪೈಪು ಈ ವರ್ಷ ಬ್ಯಾಡ್ರಿ, ಆದ್ರ ಊಟ ಮಾಡೇ ಹೋಗ್ಬೇಕು" ಅಂತ ಕೂಡಿಸಿದ. ಬಡಿಸಿದ್ದಾಯಿತು. ನಾವು ಅವನಿಗಾಗಿ ಕಾದೆವು. ಅತಿಥಿಗಳು ಶುರು ಮಾಡಲಿ ಅಂತ ಅವನು ಬಾಗಿಲಲ್ಲಿ ನಿಂತು ಕಾದ. ಪಾಯಸ ಕೆನೆಗಟ್ಟಿತು. ನನ್ನ ನಾಲ್ವರೂ ಕೈ ಕಟ್ಟಿ, ಮುಖ ಬಿಗಿದು ಕೂತಿದ್ದರು.

ಕೊನೆಗೆ ಅವನೇ ಸೋತ. "ಆತ್ ಬಿಡ್ರಿ, ಎರಡ ಎಕರೆಕ್ಕ ಪೈಪ್ ತಗೋತೇನಿ. ಮದ್ಲ ಉಣ್ರಿ!"

ಸಿಂದಗಿಯ ಖಾನಾವಳಿ

ಎರಡನೆಯ ಪಾಠ: ಊಟದಲ್ಲಿ ಫೋನು ಬೇಡ. ಎಲ್ಲರದ್ದನ್ನೂ ತೆಗೆದು ನನ್ನ ಬ್ಯಾಗಿಗೆ ಹಾಕಿಕೊಂಡೆ.

ಒಂದು ಬಡಿದುಕೊಂಡಿತು. "ನಮ್ಮಾಕಿದ್ರಿ" ಅಂದ ನಮ್ಮಲ್ಲಿ ಹಿರಿಯನಾದವನು. "ಉಂಡ ಮ್ಯಾಲೆ" ಅಂದೆ. ಅದು ನಿಂತಿತು, ಪಕ್ಕದವನದು ಶುರುವಾಯಿತು. ಆಮೇಲೆ ಮತ್ತೊಬ್ಬನದು. ಒಬ್ಬರು ಎತ್ತದಿದ್ದರೆ ಇನ್ನೊಬ್ಬರಿಗೆ ಮಾಡುತ್ತಿದ್ದಾಳೆ ಹೆಣ್ಣುಮಗಳು. ಕಡೆಗೆ ನನ್ನದೇ ಬಡಿದುಕೊಂಡಾಗ ಎತ್ತಿದೆ.

"ಮೇಡಂ, ನಮ್ಮನಿಯವ್ರು ಎಲ್ಲಿ ಅದಾರ್ರಿ? ಫೋನ್ ಎತ್ತವಲ್ರು."

"ಇಲ್ಲೇ ಅದಾರವಾ. ಅವರ ಫೋನ್ ನನ್ನ ಬ್ಯಾಗಿನ್ಯಾಗ ಐತಿ."

ಆ ಕಡೆಯಿಂದ ಕೇಳಿದಳು: "ಯಾಕ್ ಐತಿ?"

ಮುದ್ದೇಬಿಹಾಳದ ಶೇಂಗಾ ಚಟ್ನಿ

ದೂರದ ಬಟ್ಟಲಿಗೆ ಮೈ ಚಾಚಬಾರದು, ಪಕ್ಕದವರನ್ನು ಕೇಳಿ ಪಡೆಯಬೇಕು ಅಂದಿದ್ದೆ. ತುದಿಯಲ್ಲಿ ಕೂತವನು ವಿನಯದಿಂದ ಚಟ್ನಿ ಕೇಳಿದ. ಬಟ್ಟಲು ಕೈಯಿಂದ ಕೈಗೆ ಬಂತು, ಬರುತ್ತ ಬರುತ್ತ ಎಲ್ಲರೂ ಒಂದಿಷ್ಟು ಹಾಕಿಕೊಂಡರು. ಅವನು ಖಾಲಿ ಬಟ್ಟಲು ಹಿಡಿದು, "ಮೇಡಂ, ಇದನ್ನ ತೊಳದ ಇಡೂದೂ ನಂದೇನ್ರಿ?" ಅಂದ.

ಬಾಗೇವಾಡಿಗೆ ಸಾಹೇಬರು ಬಂದದ್ದು

ಹುಬ್ಬಳ್ಳಿಯಿಂದ ದೊಡ್ಡ ಸಾಹೇಬರು ಬಸವನ ಬಾಗೇವಾಡಿಗೆ ಬಂದರು. ಆ ವರ್ಷ ನಮ್ಮ ಮಾರಾಟ ಚೆನ್ನಾಗಿತ್ತು, ನಾಲ್ವರಿಗೂ ಬಡ್ತಿ ಕೇಳುವುದಿತ್ತು. ಹೋಟೆಲಿನ ಬಾಗಿಲಲ್ಲಿ ಕೊನೆಯ ಸಲ ಎಚ್ಚರಿಸಿದೆ: "ಅಗಿಯೂ ಸಪ್ಪಳ ಬರಬಾರದು. ಬಾಯಾಗ ತುತ್ತಿದ್ದಾಗ ಮಾತಾಡಬಾರದು. ತಿಳೀತಿಲ್ಲೋ?"

"ತಿಳೀತ್ರಿ."

ತಟ್ಟೆಗೆ ಬಿದ್ದದ್ದು ಕಡಕ್ ರೊಟ್ಟಿ. ಮೇಲೆ ಕೆಂಪು ಖಾರ.

ಸಾಹೇಬರಿಗೆ ಹಲ್ಲುನೋವು, ಅವರು ಅನ್ನ ಕಲಸಿಕೊಂಡರು. ನಾವು ಐವರೂ ರೊಟ್ಟಿ ಮುರಿದು ಬಾಯಿಗಿಟ್ಟೆವು. ಅಗಿದರೆ ಸಪ್ಪಳ. ಹಾಗಾಗಿ ನೆನೆಯಲಿ ಅಂತ ಕೆನ್ನೆಯೊಳಗೇ ಇಟ್ಟುಕೊಂಡು ಕೂತೆವು. ಆಗಲೇ ಸಾಹೇಬರು, "ಮತ್ತ, ಮಾರಾಟ ಹೆಂಗ ನಡದೈತಿ?" ಅಂದುಬಿಟ್ಟರು.

ಯಾರೂ ಬಾಯಿ ತೆರೆಯಲಿಲ್ಲ. ಹಿರಿಯವನು ನನ್ನ ಮುಖ ನೋಡಿದ. ನಾನು ಕಣ್ಣಲ್ಲೇ 'ಬೇಡ' ಅಂದೆ. ನನ್ನ ಬಾಯಲ್ಲೂ ರೊಟ್ಟಿ, ಹಟ ಬಿಡುವವಳಲ್ಲ ನಾನು. ಅಷ್ಟರಲ್ಲಿ ಖಾರ ನೆತ್ತಿಗೇರಿ, ಒಬ್ಬೊಬ್ಬರ ಕಣ್ಣಲ್ಲೂ ನೀರು ಇಳಿಯತೊಡಗಿತು.

ಸಾಹೇಬರು ತುತ್ತು ತಟ್ಟೆಗಿಟ್ಟರು. ನಮ್ಮ ಉಬ್ಬಿದ ಕೆನ್ನೆಗಳನ್ನೂ ಸುರಿಯುವ ಕಣ್ಣೀರನ್ನೂ ನೋಡಿ, ಹಿರಿಯವನ ಬೆನ್ನು ಸವರಿ, ಮೆತ್ತಗೆ ಹೇಳಿದರು:

"ಅಳಬ್ಯಾಡ್ರಪಾ. ಅಷ್ಟ ಕೆಟ್ಟೈತಿ ಅಂತ ನನಗ ಗೊತ್ತಿರಲಿಲ್ಲ. ಯಾರನ್ನೂ ಕೆಲಸದಿಂದ ತಗಿಯೂದಿಲ್ಲ, ಉಣ್ರಿ."