ಕಲ್ಲುಹುಳುವಿನ ಬೆನ್ನಿನ ಬಿರುಕು

ಬಿರುಕು ಕೂದಲೆಳೆಯಷ್ಟು ಸಣ್ಣದು. ಹುಳುವಿನ ಎಡಗಣ್ಣಿನ ಪಕ್ಕದಲ್ಲಿ ಹೊರಟು, ಬೆನ್ನಿನ ಮೇಲೆ ಓರೆಯಾಗಿ ಇಳಿದು, ಬಾಲದ ಹತ್ತಿರ ಕಲ್ಲಿನೊಳಗೆ ಸೇರಿಹೋಗಿತ್ತು. ತಿಂಗಳುಗಟ್ಟಲೆ ಝೈದ್ ಅದರ ಮೇಲೇ ಕಣ್ಣಿಟ್ಟು ಕೂತು ಕೆಲಸ ಮಾಡಿದ್ದ. ಒಂದು ದಿನವೂ ಅದೊಂದು ದೋಷ ಎಂದು ಅನ್ನಿಸಿರಲಿಲ್ಲ. ಗುರುವಾರ ಬೆಳಿಗ್ಗೆ ಸಂಘದ ನಿಯಮಗಳನ್ನು ಇನ್ನೊಂದು ಸಲ ಓದಿದ ಮೇಲೆ ಅದು ಒಣಗಿದ ಹೊಳೆಯಷ್ಟು ಅಗಲವಾಗಿ ಕಾಣತೊಡಗಿತು.

"ಏಳನೇ ನಿಯಮ," ಎಂದು ಅವನು ಹೆಂಡತಿಗೆ ಓದಿ ಹೇಳಿದ. "ಒಡೆದದ್ದು, ಬಿರುಕು ಬಿಟ್ಟದ್ದು, ಅಂಟು ಹಾಕಿದ್ದು ಯಾವುದನ್ನೂ ಸದಸ್ಯನು ಮಾರತಕ್ಕದ್ದಲ್ಲ."

ತೌದಾ ಕುರ್ಚಿ ಹತ್ತಿ ನಿಂತು ಅಂಗಡಿಯ ಗೋಡೆಗೆ ಮೊಳೆ ಹೊಡೆಯುತ್ತಿದ್ದಳು. ಅವತ್ತು ಮಧ್ಯಾಹ್ನದ ಪರೀಕ್ಷೆಯಲ್ಲಿ ಹುಳು ಪಾಸಾದರೆ ಸಂಘದವರು ಕೊಡುವ ಹಿತ್ತಾಳೆ ಫಲಕಕ್ಕೆ ಆ ಮೊಳೆ. "ಅಂಟು ಹಾಕದೆ ಇರೋ ಕಲ್ಲುಹುಳು ಈ ಅಲ್ನಿಫ್‌ನಲ್ಲಿ ಎಲ್ಲಿದೆ?" ಎಂದಳು, ಬಾಯಲ್ಲಿ ಇನ್ನೊಂದು ಮೊಳೆ ಕಚ್ಚಿಕೊಂಡೇ.

ಅವಳು ಕೇಳಿದ್ದು ನ್ಯಾಯವಾಗಿತ್ತು. ಈ ಮರುಭೂಮಿಯಲ್ಲಿ ಸಮುದ್ರ ಇದ್ದ ಕಾಲದಲ್ಲಿ ಸತ್ತು ಕಲ್ಲಾದ ಹುಳುಗಳು ಅವು. ಓದಿದವರು ಟ್ರೈಲೋಬೈಟ್ ಎನ್ನುತ್ತಾರೆ. ಬಂಡೆಯ ಹೊಟ್ಟೆಯಲ್ಲಿ ಹುಳು ಇದೆಯೋ ಇಲ್ಲವೋ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಸುತ್ತಿಗೆಯಿಂದ ಒಡೆಯಬೇಕು. ಅದೃಷ್ಟ ಇದ್ದರೆ ಖರ್ಜೂರ ಸೀಳಿದಾಗ ಬೀಜ ಕಂಡ ಹಾಗೆ ಎರಡು ಹೋಳಿನಲ್ಲೂ ಹುಳುವಿನ ಮೈ ಕಾಣುತ್ತದೆ. ಹೋಳುಗಳನ್ನು ಅಂಟಿನಿಂದ ಕೂಡಿಸಿ, ಗಾಳಿಯ ಒತ್ತಡದಿಂದ ಓಡುವ ಸೂಜಿ ಹಿಡಿದು, ಮೇಲಿನಿಂದ ಕಲ್ಲನ್ನು ಪುಡಿಪುಡಿಯಾಗಿ ಕೆರೆದರೆ ಕೊನೆಗೊಂದು ದಿನ ಹುಳು ಬೆನ್ನು ತೋರಿಸುತ್ತದೆ. ಬೆನ್ನಿನ ಜೊತೆಗೆ ಆ ಕೂಡಿಸಿದ ಗೆರೆಯೂ ಕಾಣುತ್ತದೆ. ಅಲ್ನಿಫ್‌ನ ಹಸುಗೂಸಿಗೂ ಇದು ಗೊತ್ತು.

ಗೊತ್ತಿದ್ದೂ ಯಾರೂ ಬಾಯಿ ಬಿಟ್ಟಿರಲಿಲ್ಲ. ಊರಿನ ದೊಡ್ಡ ವ್ಯಾಪಾರಿ ಹಾಜಿ ಸ್ಲಿಮಾನ್ ಜರ್ಮನಿಯ ಮೇಳಕ್ಕೆ ಹೋಗಿ, ಅಲ್ಲಿನ ಸಂಗ್ರಾಹಕರ ಸಂಘದ ನಿಯಮಗಳನ್ನು ತಂದು, ನಮ್ಮ ಊರಿಗೂ ಒಂದು ಪ್ರಾಮಾಣಿಕ ಪಳೆಯುಳಿಕೆ ವ್ಯಾಪಾರಿಗಳ ಸಂಘ ಬೇಕು ಎಂದಿದ್ದರು. ಅಲ್ಲಿ ಯಾವ ಮಾತಿಗೆ ಏನು ಅರ್ಥವಿತ್ತೋ ದೇವರಿಗೇ ಗೊತ್ತು. ಹಾಜಿಯ ಅಳಿಯ ಅದನ್ನು ತನಗೆ ತಿಳಿದ ಹಾಗೆ ಬರೆದಿಟ್ಟ. ಸಭೆಯಲ್ಲಿ ಏಳನೆಯ ನಿಯಮ ಓದಿದಾಗ ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಎದ್ದು ನಿಂತು ಕೇಳಿದವನ ಅಂಗಡಿಯಲ್ಲಿ ಅಂಟಿದೆ ಎಂದು ಊರೆಲ್ಲ ಆಡಿಕೊಳ್ಳುವುದಿಲ್ಲವೇ? ನಿಯಮ ಸರ್ವಾನುಮತದಿಂದ ಪಾಸಾಯಿತು.

ಈಗ ಪ್ರವಾಸಿಗಳ ಜೀಪು ಓಡಿಸುವವರೆಲ್ಲ ಸಂಘದ ಜೊತೆ ಮಾತಾಡಿಕೊಂಡಿದ್ದರು. ಫಲಕ ಇಲ್ಲದ ಅಂಗಡಿಯ ಮುಂದೆ ಇನ್ನು ಜೀಪು ನಿಲ್ಲುವುದಿಲ್ಲ. ಜೀಪು ನಿಲ್ಲದಿದ್ದರೆ ಝೈದನ ಅಂಗಡಿ ಮುಚ್ಚುತ್ತದೆ. ಮುಚ್ಚಿದರೆ ಅವನಿಗೆ ಉಳಿಯುವುದು ಹೆಂಡತಿಯ ಅಣ್ಣ ಮೈಮೂನನ ಗ್ಯಾರೇಜು. ಲಾರಿಯ ಕೆಳಗೆ ಮಲಗಿ, "ಭಾವ, ಆ ಸ್ಪ್ಯಾನರ್ ಕೊಡು, ಅದಲ್ಲ, ದೊಡ್ಡದು" ಎನ್ನಿಸಿಕೊಳ್ಳುವ ಬಾಳು. ಅದನ್ನು ನೆನೆದರೇ ಝೈದನ ಬೆನ್ನು ನೋಯುತ್ತಿತ್ತು.

ಅಷ್ಟರಲ್ಲಿ ಪಕ್ಕದ ಅಂಗಡಿಯ ಅಸ್ಸೂ ಚಹಾದ ಲೋಟ ಹಿಡಿದುಕೊಂಡೇ ಒಳಗೆ ಬಂದ. ಅಸ್ಸೂವಿನ ಅಂಗಡಿಯ ಹುಳುಗಳೆಲ್ಲ ಹಿತ್ತಲಲ್ಲಿ ಅಚ್ಚಿಗೆ ಸುರಿದು ಮಾಡಿದವು. ಒಂದೇ ತಾಯಿ ಹೆತ್ತ ಹಾಗೆ ಎಲ್ಲಕ್ಕೂ ಒಂದೇ ಮುಖ, ಎಲ್ಲಕ್ಕೂ ಬಲಗಡೆಯ ಮೂರನೇ ಮುಳ್ಳಿನ ಹತ್ತಿರ ಒಂದೇ ಮಚ್ಚೆ.

ಅವನು ಬಿರುಕನ್ನು ನೋಡಿ ನಾಲಿಗೆ ಲೊಚಗುಟ್ಟಿದ. "ಅಯ್ಯೋ ಝೈದಣ್ಣ, ಇದೇನು ಹೀಗೆ ಬಿರುಕು? ನನ್ನ ಒಂದು ಹುಳದಲ್ಲೂ ನೀನು ಬಿರುಕು ತೋರಿಸು ನೋಡೋಣ."

"ನಿನ್ನ ಹುಳದಲ್ಲಿ ಕಲ್ಲೇ ಇಲ್ವಲ್ಲೋ."

"ನಿಯಮದಲ್ಲಿ ಕಲ್ಲಿರಬೇಕು ಅಂತ ಎಲ್ಲಿದೆ? ಬಿರುಕು ಇರಬಾರದು ಅಂತ ಇದೆ. ಶುದ್ಧವಾಗಿ ಕೆಲಸ ಮಾಡಬೇಕಪ್ಪಾ," ಎಂದು ಅಸ್ಸೂ ಚಹಾ ಹೀರಿದ. "ಅದನ್ನ ಮುಚ್ಚಿಬಿಡು. ಯಾರಿಗೆ ತಿಳಿಯುತ್ತೆ?"

"ಮುಚ್ಚಿದರೆ ಅದು ಮೋಸ."

"ಮುಚ್ಚದಿದ್ದರೆ ಗ್ಯಾರೇಜು," ಎಂದಳು ತೌದಾ ಕುರ್ಚಿಯಿಂದ ಇಳಿಯುತ್ತ.

ಅವಳು ಆಗಲೇ ಅಣ್ಣನಿಗೆ ಹೇಳಿ ಕಳಿಸಿದ್ದಳು. ಮೈಮೂನ್ ಎಣ್ಣೆಗೈಯಲ್ಲೇ ಬಂದ. ಜಖಂ ಆದ ಕಾರಿನ ಮೈಗೆ ಮೆತ್ತುವ ಪುಟ್ಟಿಯ ಡಬ್ಬಿ ಅವನ ಕಂಕುಳಲ್ಲಿತ್ತು. "ಬಸ್ಸೇ ಗುದ್ದಿದ ಕಾರನ್ನ ನಾನು ಮದುಮಗಳ ಥರ ಮಾಡಿ ಕೊಟ್ಟಿದೀನಿ ಭಾವ. ಈ ಜಿರಳೆ ಯಾವ ಲೆಕ್ಕ?" ಎಂದು, ಝೈದ್ ಬೇಡ ಎನ್ನುವುದರೊಳಗೆ ಹೆಬ್ಬೆರಳಿನಿಂದ ಸರ್ರನೆ ಒಂದು ಗೆರೆ ಎಳೆದೇಬಿಟ್ಟ. ಪುಟ್ಟಿ ಗುಲಾಬಿ ಬಣ್ಣದ್ದು. ಕರಿಯ ಹುಳುವಿನ ಬೆನ್ನ ಮೇಲೆ ಅದು ಹೊಸದಾಗಿ ಬಿದ್ದ ಬಾಸುಂಡೆಯ ಹಾಗೆ ಹೊಳೆಯಿತು.

"ಒಣಗಿದ ಮೇಲೆ ಕಪ್ಪಾಗುತ್ತೆ," ಎಂದ ಮೈಮೂನ್.

ಒಣಗಿದ ಮೇಲೆ ಇನ್ನೂ ಗುಲಾಬಿಯಾಯಿತು.

ಇಷ್ಟು ಹೊತ್ತಿಗೆ ಅಂಗಡಿಯ ಬಾಗಿಲಲ್ಲಿ ಅರ್ಧ ಬೀದಿ ಸೇರಿತ್ತು. ಎದುರು ಮನೆಯ ಅಜ್ಜಿ ರಹ್ಮಾ ಮನೆಯಿಂದ ಮದರಂಗಿ ಕಲಸಿ ತಂದಳು. "ನನ್ನ ನರೆಗೂದಲನ್ನೇ ಮುಚ್ಚಿದೆ, ಇದನ್ನ ಮುಚ್ಚಲ್ವಾ?" ಎಂದು ಮೆತ್ತಿದಳು. ತೊಳೆದು ನೋಡಿದರೆ ಹುಳು ಮದುವೆಯ ದಿನದ ಹೆಣ್ಣಿನ ಅಂಗೈಯ ಹಾಗೆ ಕೆಂಪಗಿತ್ತು. ಅಸ್ಸೂ ಕಡುಚಹಾ ಸುರಿದ. ಮೈಮೂನ್ ಬೂಟ್ ಪಾಲಿಶ್ ತಿಕ್ಕಿದ. ಹುಳು ಈಗ ಪೊಲೀಸಿನವನ ಬೂಟಿನಂತೆ ಫಳಫಳಿಸಿತು. ಸಲಹೆ ಕೊಟ್ಟವರಲ್ಲಿ ಒಬ್ಬನೂ ಜಾಗ ಬಿಟ್ಟು ಕದಲಲಿಲ್ಲ; ಬೇರೆಯವರ ವಸ್ತು ಹಾಳಾಗುವುದನ್ನು ನೋಡುವಾಗ ಯಾರಿಗೂ ಹಸಿವಾಗುವುದಿಲ್ಲ.

ಝೈದನಿಗೆ ಪಿತ್ತ ನೆತ್ತಿಗೇರಿತು. "ಎಲ್ಲರೂ ಆಚೆ ನಡೀರಿ," ಎಂದು ಅವನು ಅಜ್ಜಿಯನ್ನೂ ಬಿಡದೆ ಹೊರಗೆ ಕಳಿಸಿ ಬಾಗಿಲು ಹಾಕಿದ.

ಒಳಗೆ ಒಬ್ಬನೇ ಕೂತು ಬಣ್ಣವನ್ನೆಲ್ಲ ಕೆರೆದು ತೆಗೆದ. ಬಿರುಕು ಮತ್ತೆ ಕಂಡಿತು. ಅದನ್ನೇ ನೋಡುತ್ತ ಕೂತ. ಆಮೇಲೆ ಗ್ಯಾರೇಜಿನ ಲಾರಿಯ ಅಡಿಭಾಗ ಕಣ್ಣ ಮುಂದೆ ಬಂತು. ಅವನು ನಿಟ್ಟುಸಿರು ಬಿಟ್ಟು, ಅದೇ ಬಂಡೆಯ ಪುಡಿಯನ್ನು ಅಂಟಿನಲ್ಲಿ ಕಲಸಿ, ಬಿರುಕಿಗೆ ತುಂಬಿ, ಸೂಜಿ ಹಿಡಿದ. ಹುಳುವಿನ ಬೆನ್ನ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳಿರುತ್ತವೆ. ಬಿರುಕಿನ ಉದ್ದಕ್ಕೂ ಅವನ್ನು ಒಂದೊಂದಾಗಿ ಎಬ್ಬಿಸಿದ. ಜೀವಮಾನದಲ್ಲಿ ಮಾಡದಿದ್ದ ಮೋಸವನ್ನು ಅವನು ಜೀವಮಾನದಲ್ಲಿ ಮಾಡದಷ್ಟು ಚೆನ್ನಾಗಿ ಮಾಡಿದ. ಮುಗಿದ ಮೇಲೆ ಬಿರುಕು ಎಲ್ಲಿತ್ತೆಂದು ಅವನಿಗೇ ಸಿಗಲಿಲ್ಲ.

ಸಂಘದ ಕಚೇರಿಯಲ್ಲಿ ಕಂಬಳಿ ಹಾಸಿತ್ತು, ಚಹಾ ಬಂದಿತ್ತು. ಗೋಡೆಯ ಹತ್ತಿರ ಗಾಜಿನ ಪೆಟ್ಟಿಗೆಯಲ್ಲಿ ಸಂಘದ ಲಾಂಛನ ಮಲಗಿತ್ತು. ಹಾಜಿ ಸ್ಲಿಮಾನ್ ದಾನ ಮಾಡಿದ ಮುಳ್ಳುಮುಳ್ಳಿನ ದೊಡ್ಡ ಕಲ್ಲುಹುಳು. ಹಾಜಿ ಅದರ ಪಕ್ಕದಲ್ಲೇ, ತಾನೂ ಪೆಟ್ಟಿಗೆಯಲ್ಲಿ ಇಡಬೇಕಾದವನು ಎಂಬಂತೆ ಕೂತಿದ್ದರು. ಪರೀಕ್ಷೆ ಮಾಡಲು ರಾಜಧಾನಿ ರಬಾತಿನಿಂದ ಡಾಕ್ಟರ್ ಘಿತಾ ಬಂದಿದ್ದರು. ಕಲ್ಲುಹುಳುಗಳ ಮೇಲೆ ಓದಿ ಓದಿ ಕನ್ನಡಕದ ಗಾಜು ದಪ್ಪವಾದ ಹೆಂಗಸು. ಸಂಘಕ್ಕೆ ಮರ್ಯಾದೆ ಬರಲಿ ಎಂದು ಹಾಜಿಯೇ ಕರೆಸಿದ್ದರು.

ಮೊದಲ ಸರದಿ ಝೈದನದು. ಡಾಕ್ಟರ್ ಭೂತಗನ್ನಡಿ ಹಿಡಿದು ಹುಳುವನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಝೈದನ ಎದೆ ಗಾಳಿಸೂಜಿಯ ಹಾಗೆ ಟರಟರ ಹೊಡೆದುಕೊಳ್ಳುತ್ತಿತ್ತು.

"ತುಂಬಾ ಚೆನ್ನಾಗಿದೆ," ಎಂದರು ಡಾಕ್ಟರ್. "ಬಿರುಕು ಎಲ್ಲಿ?"

"ಇಲ್ಲ ಲಲ್ಲಾ," ಎಂದು ಝೈದ್, ಅಮ್ಮಾವ್ರೇ ಎನ್ನುವ ಮರ್ಯಾದೆಯಲ್ಲಿ, ಹೆಮ್ಮೆಯಿಂದ ಹೇಳಿದ. "ಒಂದು ಕೂದಲಷ್ಟೂ ಇಲ್ಲ."

"ಹಾಗಾದ್ರೆ ಇದು ಅಚ್ಚಿನದು." ಅವರು ಹುಳುವನ್ನು ಕೆಳಗಿಟ್ಟರು. "ಬಂಡೆ ಒಡೀದೆ ಹುಳ ಹೇಗೆ ಸಿಗುತ್ತಪ್ಪ? ನಿಜವಾದ ಹುಳಕ್ಕೆ ಬಿರುಕಿರಲೇಬೇಕು. ಬಿರುಕಿಲ್ಲ ಅಂದ್ರೆ ಕಲ್ಲಲ್ಲ. ಮುಂದಿನವರು ಬನ್ನಿ."

ಹಾಜಿ ಸ್ಲಿಮಾನ್ ಗಡ್ಡ ಸವರಿಕೊಂಡರು. "ಅದೇ ಅದೇ. ನಮ್ಮ ಏಳನೇ ನಿಯಮ ಹೇಳೋದೂ ಅದನ್ನೇ. ಬರೆಯುವಾಗ ನಮ್ಮ ಅಳಿಯ ಒಂಚೂರು ಹಿಂದುಮುಂದು ಮಾಡಿದಾನೆ." ಅವರು ಅಲ್ಲೇ ಪೆನ್ನು ತೆಗೆದು ಅದನ್ನು ಮುಂದುಹಿಂದು ಮಾಡಿದರು: ಬಿರುಕು ಇಲ್ಲದ್ದನ್ನು ಸದಸ್ಯನು ಮಾರತಕ್ಕದ್ದಲ್ಲ. ಸರ್ವಾನುಮತದಿಂದ ಪಾಸಾಯಿತು.

"ಲಲ್ಲಾ, ನಿಲ್ಲಿ," ಎಂದ ಝೈದ್. "ಬಿರುಕಿದೆ. ನಾನೇ ಮುಚ್ಚಿದೀನಿ. ಕೆರೆದು ನೋಡಿ."

ಡಾಕ್ಟರ್ ಬ್ಲೇಡಿನ ಮೂಲೆಯಿಂದ ಕೆರೆದರು. ಪುಡಿ ಉದುರಿತು. ಎಡಗಣ್ಣಿನ ಪಕ್ಕದಿಂದ ಬಾಲದವರೆಗೆ ಬಿರುಕು ಓರೆಯಾಗಿ ನಗುತ್ತ ಎದ್ದು ಬಂತು.

"ಅಪ್ಪಟ ಹುಳ," ಎಂದರು ಅವರು. ಆಮೇಲೆ ಭೂತಗನ್ನಡಿಯನ್ನೂ ಝೈದನ ಬೆರಳುಗಳನ್ನೂ ನೋಡಿದರು. "ಮೂವತ್ತು ವರ್ಷದಿಂದ ನೋಡ್ತಿದೀನಿ. ಇಂಥ ಕೈ ನೋಡಿಲ್ಲ. ನನಗೇ ಗೊತ್ತಾಗಲಿಲ್ಲ ಅಂದ್ರೆ ಇನ್ಯಾರಿಗೂ ಗೊತ್ತಾಗಲ್ಲ."

ಝೈದನ ಮುಖ ಅರಳಿತು. ಫಲಕ ಮೊಳೆಗೆ ನೇತುಹಾಕಿದ ಹಾಗೇ ಕಂಡಿತು.

"ಹತ್ತನೇ ನಿಯಮ," ಎಂದರು ಹಾಜಿ. "ದುರಸ್ತಿಯನ್ನು ಮುಚ್ಚಿಟ್ಟವನಿಗೆ ಸಂಘದಲ್ಲಿ ಆಜೀವ ಜಾಗವಿಲ್ಲ."

"ಹಾಜಿಯೋರೇ, ನಿಮ್ಮ ಏಳನೇ ನಿಯಮಕ್ಕೆ ಹೆದರಿ ತಾನೇ ಮುಚ್ಚಿದ್ದು."

"ನಿಯಮಕ್ಕೆ ಹೆದರಬಾರದು ಮಗನೇ, ನಿಯಮ ಪಾಲಿಸಬೇಕು. ನೀನೇ ನಾಲ್ಕು ಜನರ ಮುಂದೆ ಒಪ್ಪಿಕೊಂಡೆ. ನಾನೇನು ಮಾಡಲಿ?"

ಡಾಕ್ಟರ್ ಏನೋ ಹೇಳಲು ಬಾಯಿ ತೆರೆದರು. ಹಾಜಿ ಅವರ ಲೋಟಕ್ಕೆ ಚಹಾ ಸುರಿದು, ದೂರದಿಂದ ಬಂದಿದ್ದೀರಿ, ದಣಿದಿದ್ದೀರಿ, ಇವತ್ತಿಗೆ ಸಾಕು ಎಂದರು. ನಾಳೆ ಶುಕ್ರವಾರ ತಮ್ಮ ಮನೆಯಲ್ಲಿ ಕುಸ್ಕುಸ್ ಊಟ. ಉಳಿದವರ ಹುಳುಗಳನ್ನು ಊಟ ಆದ ಮೇಲೆ ನೋಡಿದರಾಯಿತು.

"ಆಗಲಿ," ಎಂದರು ಡಾಕ್ಟರ್ ಏಳುತ್ತ. "ನಿಮ್ಮ ಲಾಂಛನವನ್ನೂ ನಾಳೆ ಪೆಟ್ಟಿಗೆಯಿಂದ ತೆಗೆಸಿ. ಫೋಟೋ ತೆಗೆದು ಪತ್ರಿಕೆಗೆ ಕಳಿಸ್ತೀನಿ."

ಹಾಜಿಯ ಕೈಯಲ್ಲಿದ್ದ ಚಹಾ ಕಂಬಳಿಯ ಮೇಲೆ ಚೆಲ್ಲಿತು.

ಝೈದ್ ಅಂಗಡಿಗೆ ಬಂದು ಗೋಡೆಗೆ ಒರಗಿದ. ಸುದ್ದಿ ಅವನಿಗಿಂತ ಮುಂಚೆ ಬಂದು ಕೂತಿತ್ತು. ಮೈಮೂನ್ ತಂಗಿಗೆ ಬ್ರೆಡ್ಡು ಕೊಡಲು ಬಂದವನು, "ನಾಳಿದ್ದು ಶನಿವಾರ ಬಂದುಬಿಡು ಭಾವ. ನನ್ನ ಹಳೇ ಅಂಗಿ ಇದೆ, ನಿನಗೆ ಸರಿಹೋಗುತ್ತೆ," ಎಂದು ಹೇಳಿ ಹೋದ.

ಸಂಜೆಯ ನಮಾಜು ಮುಗಿದು ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲು ಕಿರ್ರೆಂದಿತು. ಅಸ್ಸೂ. ನಿಲುವಂಗಿಯ ಹೊಟ್ಟೆ ಬಸುರಿಯ ಹಾಗೆ ಉಬ್ಬಿತ್ತು. ಬುಗ್ಗೆಂದು ಚಾಪೆಯ ಮೇಲೆ ಅಚ್ಚಿನ ಹುಳುಗಳನ್ನು ಸುರಿದ.

"ಝೈದಣ್ಣ, ಎಲ್ಲಕ್ಕೂ ಒಂದೊಂದು ಬಿರುಕು ಹಾಕಿಕೊಡು. ನಾನೇ ಚಾಕುವಿನಲ್ಲಿ ಗೀಚಿ ನೋಡಿದೆ, ಬೆಕ್ಕು ಪರಚಿದ ಹಾಗೆ ಬಂತು. ನಿನ್ನ ಕೈಯದು ದೇವರು ಬಿರಿಸಿದ ಹಾಗಿರುತ್ತೆ. ಡಾಕ್ಟರೇ ಹೇಳಿದಾರಲ್ಲ."

"ಬೆಳಿಗ್ಗೆ ಶುದ್ಧವಾಗಿ ಕೆಲಸ ಮಾಡಬೇಕು ಅಂದೆಯಲ್ಲೋ."

"ಬೆಳಿಗ್ಗೆ ನಿಯಮ ಬೇರೆ ಇತ್ತಪ್ಪ."

ಝೈದ್ ಕೈಗೆ ಸಿಕ್ಕ ಪುಟ್ಟಿಯ ಡಬ್ಬಿಯನ್ನೇ ಎತ್ತಿ ಎಸೆದ. ಅಸ್ಸೂ ಹುಳುಗಳನ್ನು ಬಾಚಿಕೊಂಡು ಗೋಡೆ ಹಾರಿದ. ಅವನ ಹೆಜ್ಜೆಯ ಸದ್ದು ಅಡಗುವ ಮುಂಚೆ ಮುಂಬಾಗಿಲು ತಟ್ಟಿದ ಸದ್ದಾಯಿತು.

ಹಾಜಿ ಸ್ಲಿಮಾನ್ ನಿಂತಿದ್ದರು. ಬೀದಿಯ ಆ ತುದಿ, ಈ ತುದಿ ನೋಡಿ ಒಳಗೆ ಬಂದರು. ಉಣ್ಣೆಯ ದಪ್ಪ ಮೇಲಂಗಿ ಬಿಚ್ಚಿ, ಎಲ್ಲಿ ಹಾಕಲಿ ಎಂದು ಗೋಡೆ ನೋಡಿದರು. ಹೊಸ ಮೊಳೆ ಕಂಡಿತು. ಅದಕ್ಕೆ ನೇತುಹಾಕಿ ಚಾಪೆಯ ಮೇಲೆ ಕೂತರು. ಕಂಕುಳಲ್ಲಿದ್ದ ಟವೆಲಿನ ಗಂಟನ್ನು ಬಿಚ್ಚಿದರು.

ಸಂಘದ ಲಾಂಛನ. ಮುಳ್ಳಿಗೆ ಮುಳ್ಳು, ಕಣ್ಣಿಗೆ ಕಣ್ಣು, ಎಲ್ಲ ಇತ್ತು. ಬಿರುಕು ಮಾತ್ರ ಇರಲಿಲ್ಲ. ದೀಪದ ಬೆಳಕಿನಲ್ಲಿ ಝೈದ್ ಬಗ್ಗಿ ನೋಡಿದ. ಬಲಗಡೆಯ ಮೂರನೇ ಮುಳ್ಳಿನ ಹತ್ತಿರ ಅದೇ ಮಚ್ಚೆಯಿತ್ತು.

ತೌದಾ ಚಹಾ ತಂದಿಟ್ಟು ಕೇಳಿದಳು: "ಉದ್ದಕ್ಕೋ ಅಡ್ಡಕ್ಕೋ, ಹಾಜಿಯೋರೇ?"

"ಓರೆಯಾಗಿರಲಿ ಮಗಳೇ. ಇವನ ಹುಳದಲ್ಲಿದ್ದ ಹಾಗೆ. ಅದು ನೋಡೋಕೆ ಸಾಚಾ ಕಾಣುತ್ತೆ."

ಝೈದ್ ಸೂಜಿಯನ್ನು ಕೈಗೆತ್ತಿಕೊಳ್ಳಲಿಲ್ಲ. "ಮಾಡಿಕೊಡ್ತೀನಿ. ನನ್ನ ಫಲಕ?"

ಹಾಜಿಗೆ ನಿಜವಾಗಿಯೂ ನೋವಾಯಿತು. ಲೋಟ ಕೆಳಗಿಟ್ಟು, ತಿಳಿಯದ ಮಗುವಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದರು.

"ಅಲ್ಲ ಮಗನೇ, ಇಂಥ ಕೆಲಸ ಮಾಡೋನಿಗೆ ಸದಸ್ಯತ್ವ ಕೊಟ್ಟರೆ ಸಂಘದ ಮರ್ಯಾದೆ ಏನಾಗಬೇಕು?"

ಝೈದ್ ಗೋಡೆಯ ಕಡೆ ನೋಡಿದ. ಹಾಜಿಯ ಮೇಲಂಗಿ ಒಂದು ಕುರಿಯಷ್ಟು ಭಾರವಿತ್ತು. ತೌದಾ ಹೊಡೆದ ಮೊಳೆ ಒಂದಿಷ್ಟೂ ಅಲುಗದೆ ಅದನ್ನು ಹೊತ್ತುಕೊಂಡಿತ್ತು.