ನೂರಾ ಹನ್ನೆರಡು ಸಲ ಕದ್ದ ‘ನಡದೈತ್ರಿ’

ಮಾನ್ಯ ಕೃತಿಚೌರ್ಯ ಪತ್ತೆ ಯಂತ್ರದವರಿಗೆ,
ಗ್ರಂಥಾಲಯದ ಎರಡನೆಯ ಮಹಡಿ, ಎ.ಸಿ. ಕೋಣೆ.

ಮಾನ್ಯರೇ,

ವಿಜಯಪುರದ ಜೋರಾಪುರ ಪೇಟೆಯ ಸೈಮಾ ಮೆಹಬೂಬ ಬಾಗವಾನ ಎಂಬ ನಾನು, ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಆರು ವರ್ಷಗಳಿಂದ ಪಿಎಚ್‌ಡಿ ಮಾಡುತ್ತಲೇ ಇರುವ ಬಡಪಾಯಿ, ತಮ್ಮ ಸನ್ನಿಧಿಗೆ ಕೈ ಜೋಡಿಸಿ, ತಲೆ ಬಾಗಿಸಿ, ಹಲ್ಲು ಕಚ್ಚಿ ಸಲಾಮು ಸಲ್ಲಿಸುತ್ತೇನೆ. ತಾವು ತಣ್ಣಗಿದ್ದೀರೆಂದು ಗ್ರಂಥಾಲಯದ ಬಾಬು ಅವರಿಂದ ತಿಳಿದು ಸಂತೋಷವಾಯಿತು. ನಾವು ಓದುವ ಕೋಣೆಯಲ್ಲಿ ಫ್ಯಾನು ಕೂಡ ತಿರುಗುವುದಿಲ್ಲ, ಆದರೆ ಆ ಮಾತು ಇಲ್ಲಿ ಬೇಡ. ಈ ಪತ್ರವನ್ನು ಬಹಿರಂಗವಾಗಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸುತ್ತಿರುವುದಕ್ಕೆ ಕ್ಷಮೆಯಿರಲಿ. ನಮ್ಮ ವಿಭಾಗದಲ್ಲಿ ಕೊಟ್ಟಿದ್ದನ್ನು ಕೊನೆಯ ಪುಟದವರೆಗೆ ಓದುವವರು ತಾವೊಬ್ಬರೇ ಆಗಿರುವುದರಿಂದ ತಮಗೇ ಬರೆಯಬೇಕಾಯಿತು.

ನನ್ನ ಮಹಾಪ್ರಬಂಧವನ್ನು ತಾವು ಹನ್ನೊಂದು ನಿಮಿಷದಲ್ಲಿ ಓದಿ ಮುಗಿಸಿದಿರಿ. ನನ್ನ ಮಾರ್ಗದರ್ಶಕರಾದ ಪ್ರೊಫೆಸರ್ ರಾಜರತ್ನ ಅವರು ನಾಲ್ಕು ವರ್ಷಗಳಿಂದ ಎರಡನೆಯ ಅಧ್ಯಾಯದಲ್ಲೇ ಇದ್ದಾರೆ. ದೇಶ ದೇಶಗಳು ಕೂತು ವ್ಯಾಪಾರ ಒಪ್ಪಂದ ಮಾಡಿಕೊಂಡು, ಅಫ್ಘಾನಿಸ್ತಾನದ ಮಣೂಕ, ಅಂದರೆ ಒಣದ್ರಾಕ್ಷಿ, ನಮ್ಮ ಮಾರುಕಟ್ಟೆಗೆ ಬಂದಿಳಿದಾಗ ತಿಕೋಟಾ, ಬಬಲೇಶ್ವರ ಕಡೆಯ ಮಣೂಕ ಬೆಳೆಗಾರರು ಏನೆನ್ನುತ್ತಾರೆ ಎಂಬುದೇ ನನ್ನ ವಿಷಯ. ದ್ರಾಕ್ಷಿ ಒಣಗಿಸುವ ಶೆಡ್ಡಿನಿಂದ ಶೆಡ್ಡಿಗೆ ಅಲೆದು, ಬಿಸಿಲಿಗೆ ಮೂಗಿನ ತೊಗಲು ಸುಲಿಸಿಕೊಂಡು, ನೂರಾ ನಲವತ್ತು ಜನರಿಗೆ ಈ ಒಪ್ಪಂದದ ಬಗ್ಗೆ ತಮ್ಮ ಅಭಿಪ್ರಾಯವೇನು ಎಂದು ಕೇಳಿದೆ. ಅವರಲ್ಲಿ ನೂರಾ ಹನ್ನೆರಡು ಜನ ಕೊಟ್ಟ ಉತ್ತರ ಒಂದೇ: “ಏನ್ ಮಾಡೂದ್ರಿ, ನಡದೈತ್ರಿ.”

ತಾವು ಈ ಕಡೆಯವರಲ್ಲದ ಕಾರಣ ವಿವರಿಸಬೇಕಾಗಿದೆ. ನಮ್ಮಲ್ಲಿ ಮೊಣಕಾಲು ನೋವು ಹೇಗಿದೆ ಎಂದರೂ ನಡದೈತ್ರಿ, ಮಗಳ ಸಂಸಾರ ಹೇಗಿದೆ ಎಂದರೂ ನಡದೈತ್ರಿ. ಒಳಗೆ ಏನು ಕುದಿಯುತ್ತಿದೆ ಎಂಬುದನ್ನು ನೋಟುಬುಕ್ಕು ಹಿಡಿದು ಬಂದವರಿಗೆಲ್ಲ ಬಿಚ್ಚಿಡುವ ಜನ ನಾವಲ್ಲ. ಬಬಲೇಶ್ವರದ ಶ್ರೀಮಂತ ಎಂಬ ಹೆಸರಿನ ಬೆಳೆಗಾರರು ಅದನ್ನು ತೊಡೆ ತಟ್ಟಿ ನಗುತ್ತ ಹೇಳಿದರು. ಅವರ ಪಕ್ಕದ ಶೆಡ್ಡಿನ ತುಕಾರಾಮ ಅವರು ನನ್ನ ಗುರುತಿನ ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿ, ನಾನು ಸರಕಾರದವಳೆಂದು ಖಾತ್ರಿ ಮಾಡಿಕೊಂಡು, ಅದನ್ನೇ ಗಟ್ಟಿಯಾಗಿ ಹೇಳಿದರು. ತಿಕೋಟಾದ ಹುಚ್ಚವ್ವ, ಎಪ್ಪತ್ತು ದಾಟಿದ ಹೆಂಗಸು, ಮಣೂಕದ ಕಡ್ಡಿ ಆರಿಸುತ್ತ, ನನ್ನ ಕಡೆ ನೋಡದೆ, “ಏನ್ ಮಾಡೂದವಾ, ನಡದೈತಿ” ಎಂದರು. ಪ್ರತಿಯೊಬ್ಬರ ಮುಖ, ದನಿ, ಸುಮ್ಮನಾದ ಹೊತ್ತು ಎಲ್ಲವನ್ನೂ ನಾನು ಬರೆದುಕೊಂಡೆ. ಇಷ್ಟು ಜನ ಒಂದೇ ಮಾತಿನ ಹಿಂದೆ ಬಾಗಿಲು ಹಾಕಿಕೊಳ್ಳುವುದೇ ಇಲ್ಲಿನ ರಾಜಕೀಯ ಎಂಬುದು ನನ್ನ ಮೂರನೆಯ ಅಧ್ಯಾಯ. ಆರು ವರ್ಷದಲ್ಲಿ ನಾನು ಕಂಡುಹಿಡಿದದ್ದೆಂದರೆ ಅದೊಂದೇ.

ತಾವು ಅದನ್ನೂ ಕಂಡುಹಿಡಿದಿರಿ, ಕೆಂಪು ಬಣ್ಣದಲ್ಲಿ! ಇನ್ನೊಬ್ಬರ ಮಾತಿನೊಂದಿಗೆ ಸಾಮ್ಯ ಹತ್ತು ಪ್ರತಿಶತದೊಳಗೆ ಇರಬೇಕೆಂದು ನಿಯಮ, ತಾವು ಮೂವತ್ತೆಂಟು ಕೊಟ್ಟಿರಿ. ತಮ್ಮ ವರದಿಯ ಪ್ರಕಾರ ಶ್ರೀಮಂತರ ಮಾತನ್ನು ತುಕಾರಾಮ ಕದ್ದಿದ್ದಾರೆ, ಅವರಿಂದ ಇಡೀ ತಾಲೂಕೇ ಕದ್ದಿದೆ. ತಮ್ಮ ಚುರುಕುತನವನ್ನು ಎಷ್ಟು ಹೊಗಳಿದರೂ ಸಾಲದು. ಸಂವಿಧಾನದಿಂದ ಎತ್ತಿ ಹೇಳಿದ ಸಾಲಿನ ಕೆಳಗೂ ಗೆರೆ ಎಳೆದಿರಿ, ಅದನ್ನು ನಾನೇ ಬರೆದಿರಬೇಕಿತ್ತೆಂಬುದು ತಮ್ಮ ನಿರೀಕ್ಷೆ. ಕೃತಜ್ಞತೆಯ ಪುಟದಲ್ಲಿರುವ ನನ್ನ ಅಬ್ಬಾನ ಹೆಸರು ಬೇರೆ ಪ್ರಬಂಧದಲ್ಲೂ ಇದೆಯೆಂದು ತೋರಿಸಿಕೊಟ್ಟಿರಿ. ಇದನ್ನು ತಿಳಿದು ನಮ್ಮ ಅಮ್ಮಿ ಅಬೇದಾ ಅವರು ಗಂಡನನ್ನು ಸ್ವಲ್ಪ ವಿಚಾರಿಸಿದರು.

ಆದ್ದರಿಂದ ತಮ್ಮಲ್ಲಿ ನಮ್ರ ಕೋರಿಕೆಯೇನೆಂದರೆ, ತಾವು ಒಂದು ದಿನ ಬಿಡುವು ಮಾಡಿಕೊಂಡು, ಅಥಣಿ ರಸ್ತೆಯ ಬಸ್ಸಿನಲ್ಲಿ ನಿಂತುಕೊಂಡಾದರೂ ತಿಕೋಟಾಕ್ಕೆ ದಯಮಾಡಿಸಬೇಕು. ಅಲ್ಲಿಯ ಪ್ರಜೆಗಳಿಗೆ ತಲಾ ಒಂದೊಂದು ಬೇರೆ ಬೇರೆ ಉತ್ತರವನ್ನು ರೇಷನ್ ಅಂಗಡಿಯಲ್ಲಿ ಹಂಚಿಸಿ, ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಹೋಗದಂತೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ಒಂದೇ ಸಂಕಟ ಇಬ್ಬರಿಗೆ ಬಂದರೆ ಎರಡನೆಯವರು ಮೊದಲನೆಯವರಿಂದ ಲಿಖಿತ ಅನುಮತಿ ಪಡೆಯಬೇಕೆಂದು ಆದೇಶ ಹೊರಡಿಸಿದರೂ ನಡೆದೀತು.

ಅಲ್ಲಿಯವರೆಗೆ ಕಾಯಲು ನನಗೆ ವೇಳೆಯಿರಲಿಲ್ಲ. ಇದೇ ಮೂವತ್ತನೆಯ ತಾರೀಖಿಗೆ ನನ್ನ ಕೊನೆಯ ಗಡುವು, ಅದು ದಾಟಿದರೆ ನೋಂದಣಿ ರದ್ದು. ರಾಜರತ್ನ ಸರ್ ಕನ್ನಡಕ ಒರೆಸುತ್ತ, “ಅವರ ಮಾತು ಸ್ವಲ್ಪ ಆಚೀಚೆ ಮಾಡಿಬಿಡವಾ, ಹಳ್ಯಾಗಿನ ಮಂದಿ ಪಿಎಚ್‌ಡಿ ಓದಾಕ ಬರ್ತಾರೇನು?” ಎಂದರು. ಮಾಡಿದೆ, ಮಾನ್ಯರೇ. ಮೂರು ದಿನ ಕೂತು ನೂರಾ ಹನ್ನೆರಡು ಬಾಯಿಗೆ ನೂರಾ ಹನ್ನೆರಡು ಸುಳ್ಳು ತುರುಕಿದೆ. ಶ್ರೀಮಂತರು “ಪ್ರಾದೇಶಿಕ ಸಹಕಾರದ ಚೌಕಟ್ಟಿನಲ್ಲಿ ಪರಿಸ್ಥಿತಿ ಸಹನೀಯವಾಗಿದೆ” ಎಂದರು. ಹುಚ್ಚವ್ವ “ಪ್ರಚಲಿತ ವ್ಯಾಪಾರ ನೀತಿಯ ಕುರಿತು ನನಗೆ ಮಿಶ್ರ ಅಭಿಪ್ರಾಯವಿದೆ” ಎಂದರು. ಸಂವಿಧಾನವನ್ನೂ ನನ್ನ ಸ್ವಂತ ಮಾತಿನಲ್ಲಿ ಬರೆದೆ. ತಾವು ಓದಿ ಒಂಬತ್ತು ಪ್ರತಿಶತ ಕೊಟ್ಟು, ಇದು ಸ್ವಂತ ಕೃತಿ ಎಂದು ಹಸಿರು ಪ್ರಮಾಣಪತ್ರ ದಯಪಾಲಿಸಿದಿರಿ. ನನ್ನ ಪ್ರಾಮಾಣಿಕತೆಗೆ ಸಿಕ್ಕ ಮೊಟ್ಟಮೊದಲ ಪ್ರಮಾಣಪತ್ರ ಅದು.

ಅದನ್ನು ಕೈಯಲ್ಲಿ ಹಿಡಿದಾಗ ಖುಷಿಯಾಗಲಿಲ್ಲ. ಯಾರಿಗೂ ಹೇಳದೆ ಬಸ್ಸು ಹತ್ತಿ ತಿಕೋಟಾಕ್ಕೆ ಹೋಗಿ, ಹುಚ್ಚವ್ವನ ಶೆಡ್ಡಿನ ನೆರಳಲ್ಲಿ ಕೂತು, ಅವರದೆಂದು ಬರೆದ ಸಾಲನ್ನು ಅವರಿಗೇ ಓದಿ ಹೇಳಿದೆ. ಹುಚ್ಚವ್ವ ಕಡ್ಡಿ ಆರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

“ಇದು ನಂದಲ್ಲಬೇ ಮಾತು. ಯಾರದು ಕದ್ದು ತಂದಿ?”

ನಾನು ಹಾಳೆಯನ್ನು ಮಡಚತೊಡಗಿದೆ.

“ನಂದು ಎಲ್ಲಿ ಹಾಕಿದಿ? ಮೊದಲ ನಂದು ನನಗ ಕೊಡು.”

ಅಕ್ಷರ ಬಾರದ ಆ ಹೆಂಗಸಿಗೆ ಕಳವು ಹಿಡಿಯಲು ಹನ್ನೊಂದು ಸೆಕೆಂಡೂ ಬೇಕಾಗಲಿಲ್ಲ. ನನಗೆ ಎಂಥ ನಾಚಿಕೆಯಾಯಿತೆಂದರೆ, ಅವರು ಕೊಟ್ಟ ಒಂದು ಹಿಡಿ ಮಣೂಕ ಬಸ್ಸಿಳಿಯುವವರೆಗೂ ಮುಷ್ಟಿಯಲ್ಲೇ ಉಳಿಯಿತು.

ಹೀಗಾಗಿ, ಮಾನ್ಯರೇ, ಅವರವರ ಮಾತನ್ನು ಅವರವರಿಗೆ ತಿರುಗಿ ಕೊಟ್ಟಿದ್ದೇನೆ. ನಾಳೆ ಮೂವತ್ತನೆಯ ತಾರೀಖು, ಮೂವತ್ತೆಂಟು ಪ್ರತಿಶತದ ಆ ಮೊದಲಿನ ಪ್ರಬಂಧವನ್ನೇ ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಸ್ವೀಕರಿಸುವ ಕೌಂಟರಿನ ಮೇಲೆ ಇಡುತ್ತೇನೆ. ಪದವಿ ಹೋದರೆ ಹೋಗಲಿ ಎಂದು ದೊಡ್ಡ ಮಾತು ಬರೆಯಲು ಹೊರಟೆ, ಕೈ ಬರಲಿಲ್ಲ. ಹೋಗಬಾರದು. ನನಗದು ಬೇಕು, ಆರು ವರ್ಷ ಬಿಸಿಲು ತಿಂದವಳು ನಾನು. ತಮ್ಮ ಹಸಿರು ಪ್ರಮಾಣಪತ್ರವನ್ನು ಈ ಪತ್ರದ ಜೊತೆ ಗೌರವಪೂರ್ವಕವಾಗಿ ಹಿಂದಿರುಗಿಸುತ್ತಿದ್ದೇನೆ, ದಯವಿಟ್ಟು ಅದಕ್ಕೆ ತಕ್ಕ ಸುಳ್ಳುಗಾರರನ್ನು ಹುಡುಕಿ ಕೊಡಿ.

ತಮ್ಮ ದಾಖಲೆಯಲ್ಲಿ ಕಳ್ಳಿ, ಆದರೂ ತಮ್ಮ ವಿಶ್ವಾಸಿ,
ಸೈಮಾ ಮೆಹಬೂಬ ಬಾಗವಾನ
ಜೋರಾಪುರ ಪೇಟೆ, ವಿಜಯಪುರ

ತಾ.ಕ.: ಇಂದು ಮಧ್ಯಾಹ್ನ ಬಾಬು ಅವರು ಕೈ ಖಾಲಿ ಇದ್ದಾಗ, ನಮ್ಮ ವಿಶ್ವವಿದ್ಯಾಲಯ ಹೊರಡಿಸಿದ ಕೃತಿಚೌರ್ಯ ತಡೆ ನಿಯಮಾವಳಿಯನ್ನೇ ತಮ್ಮ ಹೊಟ್ಟೆಗೆ ಹಾಕಿ ನೋಡಿದರು. ತಾವು ತೊಂಬತ್ತೆರಡು ಪ್ರತಿಶತ ಕೊಟ್ಟಿರಿ. ಏಳನೆಯ ಪುಟದಲ್ಲಿ ಬೇರೊಂದು ವಿಶ್ವವಿದ್ಯಾಲಯದ ಹೆಸರನ್ನು ಅಳಿಸಲು ಕೂಡ ನಿಯಮ ಬರೆದವರು ಮರೆತಿದ್ದಾರೆ. ಆ ವರದಿಯನ್ನು ನನ್ನ ಪ್ರಬಂಧದ ಮೊದಲ ಹಾಳೆಗೇ ಪಿನ್ ಮಾಡಿದ್ದೇನೆ. ನನ್ನ ನೋಂದಣಿ, ಆ ನಿಯಮಾವಳಿ, ಎರಡರಲ್ಲಿ ಯಾವುದನ್ನು ಮೊದಲು ರದ್ದು ಮಾಡುತ್ತಾರೋ ಅದನ್ನು ನೋಡಲು ನಾಳೆ ಹತ್ತು ಗಂಟೆಗೆ ಕೌಂಟರಿನ ಮುಂದೆ ನಿಂತಿರುತ್ತೇನೆ.